ಹಸುವಿನ ಕೊಂಬಿನಲ್ಲಿ ಸ್ವೀಡನ್ನಿನ ಹಳ್ಳಿ ರಾಗ: ಗಾಂಧಾರ ಕೂರ್ತಿಲ್ಲ, ತೂತು ದೊಡ್ಡದು ಮಾಡಲಾ?

ಫಾಲುನ್ ರಘು

ಎಲ್ಲರಿಗೂ ನಮಸ್ಕಾರ. ನಾನಿರುವುದು ಸ್ವೀಡನ್ನಿನ ಫಾಲುನ್‌ನಲ್ಲಿ. ದಾಲಾರ್ನಾ ಸೀಮೆ. ಸುತ್ತ ಕಾಡು, ಕೆರೆ, ಕೆಂಪು ಬಳಿದ ಮರದ ಮನೆಗಳು. ಆ ಕೆಂಪು ಬಣ್ಣ ಇಲ್ಲಿನ ಹಳೇ ತಾಮ್ರದ ಗಣಿಯ ಮಣ್ಣಿನಿಂದಲೇ ಬಂದದ್ದು. ಇರಲಿ, ವಿಷಯ ಅದಲ್ಲ.

ಹೋದ ಬೇಸಿಗೆಯಲ್ಲಿ ಹಳೇ ಸಾಮಾನಿನ ಸಂತೆಯಲ್ಲಿ ಒಂದು ಹಸುವಿನ ಕೊಂಬು ಸಿಕ್ಕಿತು. ಇಲ್ಲಿಯವರು ಕೂಹೂರ್ನ್ ಅನ್ನುತ್ತಾರೆ. ಒಂದು ಮೊಳಕ್ಕೆ ಸ್ವಲ್ಪ ಕಡಿಮೆ ಉದ್ದ. ತುದಿ ಕೊಯ್ದು, ತುಟಿ ಇಡಲು ಚಿಕ್ಕ ಬಟ್ಟಲಿನ ಹಾಗೆ ಕೆತ್ತಿದ್ದಾರೆ. ಮೈಮೇಲೆ ನಾಲ್ಕು ತೂತು. ಮೊದಲ ಎರಡು ವಾರ ಬರೀ ಗಾಳಿ ಹೋಯಿತು. ಆಮೇಲೆ ಹಸಿದ ಎಮ್ಮೆ ಕರುವಿನ ದನಿ ಬಂತು. ಈಗ ಐದು ಸ್ವರ ಬರುತ್ತವೆ.

ತೊಂದರೆ ಇಷ್ಟೇ. ಎಲ್ಲ ತೂತು ಮುಚ್ಚಿದಾಗ ಬರುವುದನ್ನು ಸ ಅಂತ ಇಟ್ಟುಕೊಂಡರೆ, ಗ, ಅಂದರೆ ಮೂರನೇ ಸ್ವರ ಗಾಂಧಾರ, ಸರಿಯಾಗಿ ಕೂರುವುದೇ ಇಲ್ಲ. ಕೆಳಗಿನ ಸಾಧಾರಣ ಗಾಂಧಾರವೂ ಅಲ್ಲ, ಅದಕ್ಕಿಂತ ಅರ್ಧ ಸ್ವರ ಮೇಲಿನ ಅಂತರ ಗಾಂಧಾರವೂ ಅಲ್ಲ, ಎರಡರ ನಡುವೆ ಎಲ್ಲೋ ನಿಂತಿದೆ. ಹತ್ತು ವರ್ಷ ಕೊಳಲು ಕಲಿತ ಕಿವಿ ನನ್ನದು. ಮೊಬೈಲಿನಲ್ಲಿ ಶ್ರುತಿ ಹಾಕಿಕೊಂಡು ಊದಿದರೆ ಹಲ್ಲು ಜುಮ್ ಅನ್ನುತ್ತದೆ. ತೂತು ಸ್ವಲ್ಪ ದೊಡ್ಡದು ಮಾಡಿದರೆ ಸ್ವರ ಏರುತ್ತದೆ ಅಂತ ಗೊತ್ತು. ಡ್ರಿಲ್ ತೆಗೆದಿಟ್ಟಿದ್ದೇನೆ. ಮೊದಲು ಯಾರನ್ನಾದರೂ ಕೇಳಿ ಅಂತ ಹೆಂಡತಿ ಹೇಳಿದಳು. ಕೇಳುತ್ತಿದ್ದೇನೆ.

ಕುಂದಾಪ್ರ ಮಾಣಿ

ಡ್ರಿಲ್ ಕೆಳಗೆ ಇಡಿ ಮಾರಾಯ್ರೆ.

ಕೆಂಡಸಂಪಿಗೆ

ರಘು ಅವರೇ, ಡ್ರಿಲ್ ಖಂಡಿತ ಬೇಡ. ನಾನು ಒಂಬತ್ತು ವರ್ಷ ನಾರ್ವೆಯ ಬರ್ಗೆನ್‌ನಲ್ಲಿದ್ದೆ. ಅಲ್ಲಿ ಆಡಿನ ಕೊಂಬು ಊದಲು ಕಲಿತೆ. ಬುಕ್ಕೆಹೂರ್ನ್ ಅನ್ನುತ್ತಾರೆ, ಬುಕ್ಕ್ ಅಂದರೆ ಹೋತ. ನಿಮ್ಮ ಕೂಹೂರ್ನ್‌ನ ದಾಯಾದಿ ಅಂದುಕೊಳ್ಳಿ. ನನಗೂ ಮೊದಲು ಇದೇ ಸಂಕಟ ಆಗಿತ್ತು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾದರೆ ಹಾರಿಸಿಕೊಂಡು ಹೋಗಿ.

ಈ ಕೊಂಬು ಸಂಗೀತಗಾರರ ಕೈಯಲ್ಲಿ ಹುಟ್ಟಿದ್ದಲ್ಲ. ದನ ಕಾಯುವ ಹೆಂಗಸರ ಕೈಯಲ್ಲಿ ಬೆಳೆದದ್ದು. ಅಲ್ಲಿ ಚಳಿಗಾಲ ಎಷ್ಟು ಉದ್ದ ಅಂತ ನಿಮಗೇ ಗೊತ್ತು. ಊರ ಹತ್ತಿರದ ಹುಲ್ಲನ್ನೆಲ್ಲ ಕೊಯ್ದು ಒಣಗಿಸಿ ಚಳಿಗಾಲಕ್ಕೆ ಇಡಲೇಬೇಕು. ಹಾಗಾಗಿ ಬೇಸಿಗೆಯಲ್ಲಿ ದನ, ಆಡು, ಕುರಿಗಳನ್ನು ದೂರದ ಕಾಡಿಗೆ, ಬೆಟ್ಟಕ್ಕೆ ಹೊಡೆದುಕೊಂಡು ಹೋಗುತ್ತಿದ್ದರು. ಅಲ್ಲಿ ಒಂದು ಚಿಕ್ಕ ಮನೆ, ಕೊಟ್ಟಿಗೆ, ಹಾಲು ಇಡುವ ಕೋಣೆ. ಸ್ವೀಡನ್ನಿನಲ್ಲಿ ಅದು ಫೇಬೂದ್, ನಾರ್ವೆಯಲ್ಲಿ ಸೇಟರ್. ಇಡೀ ಬೇಸಿಗೆ ಅಲ್ಲಿ ಇರುತ್ತಿದ್ದವರು ಹೆಚ್ಚಾಗಿ ಹುಡುಗಿಯರು, ಹೆಂಗಸರು. ಹಾಲು ಕರೆಯುವುದು, ಬೆಣ್ಣೆ ಕಡೆಯುವುದು, ಚೀಸ್ ಮಾಡುವುದು ಎಲ್ಲ ಅವರದೇ.

ಹಗಲು ಹಸುಗಳು ಕಾಡಿನಲ್ಲಿ ಮೇಯುತ್ತವೆ. ಬೇಲಿ ಇಲ್ಲ. ಸಂಜೆ ಕರೆಯಬೇಕು. ಕರೆಯಲು ಒಂದು ದಾರಿ ಕೂಲ್ನಿಂಗ್. ಹೆಂಗಸರು ತಲೆಯ ದನಿಯಲ್ಲಿ, ತುಂಬಾ ಮೇಲಿನ ಸ್ಥಾಯಿಯಲ್ಲಿ ಕೂಗಿ ಹಾಡುವುದು. ಇನ್ನೊಂದು ಈ ಕೊಂಬು. ಹಸು ಕರೆಯಲೂ ಊದುತ್ತಾರೆ, ಕರಡಿ ತೋಳ ಓಡಿಸಲೂ ಊದುತ್ತಾರೆ, ಪಕ್ಕದ ಬೆಟ್ಟದವಳಿಗೆ ಸುದ್ದಿ ಹೇಳಲೂ ಊದುತ್ತಾರೆ. ಕಳೆದ ಹಸು ಸಿಕ್ಕಿತಾ, ಇಲ್ಲವಾ ಅಂತ ಕೊಂಬಿನಲ್ಲೇ ಮಾತು.

ಈಗ ನಿಮ್ಮ ಗಾಂಧಾರ. ಕೂಲ್ನಿಂಗ್ ಹಾಡುವ ಹಳೇ ಹೆಂಗಸರ ಧ್ವನಿಮುದ್ರಣ ಕೇಳಿ. 1940ರ ದಶಕದ ಕೊನೆಯಿಂದ ಸ್ವೀಡನ್ ರೇಡಿಯೋದ ಮಾಟ್ಸ್ ಆರ್ನ್‌ಬೆರಿ ಊರೂರು ತಿರುಗಿ ಹಳ್ಳಿ ಸಂಗೀತ ಮುದ್ರಿಸಿಕೊಂಡರು. ಹಳಬರ ದನಿಯಲ್ಲಿ ನೀವು ಹೇಳಿದ ಜಾಗದಲ್ಲೇ, ಎರಡು ಗಾಂಧಾರದ ನಡುವೆಯೇ, ಸ್ವರ ನಿಲ್ಲುವುದು ಕೇಳುತ್ತದೆ. ಹಳೇ ಪಿಟೀಲುಗಾರರ ಕೈಯಲ್ಲೂ ಅಷ್ಟೇ. ನಿಮ್ಮ ಕೊಂಬು ಕೆಟ್ಟಿಲ್ಲ. ಅದರ ಮನೆಮಾತೇ ಬೇರೆ.

ಬಸವನಗುಡಿ ಮೃದಂಗ

ಅಮ್ಮ, ಬರವಣಿಗೆ ಚೆನ್ನಾಗಿದೆ. ಆದರೆ ಒಪ್ಪಲ್ಲ. ತಪ್ಪು ಶ್ರುತಿಗೆ ಸಂಪ್ರದಾಯ ಅಂತ ಹೆಸರಿಟ್ಟರೆ ಮುಗೀತಾ? ನಮ್ಮಲ್ಲಿ ಕೊಳಲು ಮಾಡುವಾಗ ಒಂದು ತೂತು ಹೆಚ್ಚುಕಮ್ಮಿ ಆದರೆ ಅದು ಒಲೆಗೆ. ಯಾವನೋ ರೈತ ಕಾದ ಕಬ್ಬಿಣದಲ್ಲಿ ಬೆರಳಿಗೆ ಎಟುಕಿದ ಕಡೆ ತೂತು ಸುಟ್ಟಿರುತ್ತಾನೆ. ಅದನ್ನು ಇವತ್ತು ಪೂಜೆ ಮಾಡಬೇಕಾ?

ಕೆಂಡಸಂಪಿಗೆ

ಅರ್ಧ ಒಪ್ಪುತ್ತೇನೆ ಸರ್. ಬೆರಳಿಗೆ ಎಟುಕಿದ ಕಡೆ ತೂತು ಹಾಕಿದ್ದು ನಿಜ. ಕೊಂಬು ಒಂದರಂತೆ ಇನ್ನೊಂದು ಇರುವುದಿಲ್ಲ. ಒಂದು ದಪ್ಪ, ಒಂದು ಬಳುಕು. ಅಳತೆ ಕೋಲು ಇಟ್ಟು ಕೊರೆಯಲು ಅದೇನು ಬಿದಿರಾ? ಸುಮ್ನೆ ಕೆಟ್ಟ ಕೊಂಬುಗಳೂ ಬೇಕಾದಷ್ಟಿವೆ.

ಆದರೆ ತಪ್ಪೆಲ್ಲ ತೂತಿನದೇ ಆಗಿದ್ದರೆ, ತೂತೇ ಇಲ್ಲದ ಗಂಟಲಲ್ಲಿ ಅದೇ ಸ್ವರ ಯಾಕೆ ಬರಬೇಕು? ಪಿಟೀಲಿನಲ್ಲಿ ಬೆರಳನ್ನು ಕೂದಲೆಳೆ ಸರಿಸಿದರೆ ಸ್ವರ ಬದಲಾಗುತ್ತದೆ. ಆದರೂ ಹಳಬರು ಬೆರಳನ್ನು ಅಲ್ಲೇ ಇಟ್ಟರಲ್ಲ. ಕಿವಿ ಕೇಳಿದ್ದಕ್ಕೇ ಇಟ್ಟರು.

ಬಸವನಗುಡಿ ಮೃದಂಗ

ಹ್ಮ್. ಅದು ಮಾತು. ಕೇಳಿ ನೋಡುತ್ತೇನೆ.

ಗೇಮರ್ ಗಿರಿ

ಇದು ವೈಕಿಂಗ್‌ಗಳ ಯುದ್ಧದ ಕೊಂಬಲ್ವಾ? ಸಿನಿಮಾದಲ್ಲಿ ಹಡಗಿನ ತುದಿಯಲ್ಲಿ ನಿಂತು ಊದುತ್ತಾರಲ್ಲ, ಭೋಂ ಅಂತ.

ಕೆಂಡಸಂಪಿಗೆ

ಗಿರಿ, ನೀವು ಹೇಳುವುದು ಸಿನಿಮಾ ಕೊಂಬು. ಒಂದೇ ಸ್ವರ, ಭೋಂ. ತೂತು ಇರಲ್ಲ. ಬೆರಳಾಡಿಸುವ ಈ ಕೊಂಬು ದನಗಾಹಿಗಳದ್ದು. ಅಂದ ಹಾಗೆ, ಕೊಂಬಿನ ಶಿರಸ್ತ್ರಾಣ ಹಾಕಿದ ವೈಕಿಂಗ್ ಅನ್ನೋದು ಕೂಡ ನಾಟಕದ ವೇಷವೇ. 1876ರಲ್ಲಿ ಜರ್ಮನಿಯ ಬೈರಾಯ್ಟ್‌ನಲ್ಲಿ ವಾಗ್ನರ್ ಅವರ ಒಪೆರಾ ಆಡಿದಾಗ ವೇಷಭೂಷಣ ಮಾಡಿದವರ ಕೈಚಳಕದಿಂದ ಅದು ಜನರ ತಲೆಯಲ್ಲಿ ಕೂತುಬಿಟ್ಟಿತು.

ಗೇಮರ್ ಗಿರಿ

ನನ್ನ ಬಾಲ್ಯ ಹಾಳಾಯ್ತು.

ಕುಶಾಲನಗರದ ಪೊನ್ನಪ್ಪ

ನಮ್ಮ ಕೊಡಗಿನ ವಾಲಗದಲ್ಲೂ ಕೊಂಬು ಇದೆ. ಅರ್ಧಚಂದ್ರದ ಹಾಗೆ ಬಾಗಿದ್ದು. ಈಗ ಅದು ಲೋಹದ್ದು, ಆದರೆ ಹೆಸರಿನಲ್ಲಿ ಇನ್ನೂ ಪ್ರಾಣಿ ಉಳಿದಿದೆ ನೋಡಿ. ಅದಕ್ಕೂ ತೂತು ಇಲ್ಲ, ಎಲ್ಲ ತುಟಿ, ಉಸಿರು. ರಘು ಅವರೇ, ನನ್ನ ಒಂದು ಪ್ರಶ್ನೆ. ನೀವು ತುಟಿ ಬಿಗಿ ಮಾಡಿ ಊದುತ್ತೀರಾ, ಸಡಿಲ ಬಿಟ್ಟಾ? ಕೊಂಬು ಊದುವವರಿಗೆ ಸ್ವರ ತುಟಿಯಲ್ಲಿ ಇರುತ್ತದೆ. ತೂತು ಬರೀ ದಾರಿ ತೋರಿಸುತ್ತದೆ. ಕೊಳಲಿನವರು ಇದನ್ನು ಬೇಗ ಮರೆಯುತ್ತಾರೆ.

ಫಾಲುನ್ ರಘು

ಪೊನ್ನಪ್ಪ ಅವರೇ, ಸರಿಯಾದ ಕಡೆ ಚುಚ್ಚಿದಿರಿ. ಈಗ ತಾನೆ ಪರೀಕ್ಷೆ ಮಾಡಿದೆ. ಬೆರಳು ಅಲ್ಲಾಡಿಸದೆ, ತುಟಿ ಮಾತ್ರ ಬಿಗಿ ಮಾಡಿ ಸಡಿಲ ಮಾಡಿ ಊದಿದರೆ ಆ ಗಾಂಧಾರ ಹೆಚ್ಚುಕಡಿಮೆ ಅರ್ಧ ಸ್ವರ ಮೇಲೆ ಕೆಳಗೆ ಜಾರುತ್ತದೆ! ಬಾಯಗಲದ ತುದಿಯಲ್ಲಿ ಅಂಗೈ ಸ್ವಲ್ಪ ಅಡ್ಡ ಇಟ್ಟರೆ ಇನ್ನೂ ಇಳಿಯುತ್ತದೆ. ಅಂದರೆ ಇಷ್ಟು ದಿನ ನಾನೇ ಅದನ್ನು ಒಂದು ಕಡೆ ಹಿಡಿದು ನಿಲ್ಲಿಸಿದ್ದೆ, ಬೈದದ್ದು ಮಾತ್ರ ತೂತನ್ನು.

ಇದಕ್ಕೆ ಸೇರಿದ ಒಂದು ಸಂದೇಹ. ಇಲ್ಲಿ ಮರದ ಉದ್ದ ಕಹಳೆಯೂ ಇದೆ, ಬರ್ಚ್ ಮರದ ತೊಗಟೆ ಸುತ್ತಿದ್ದು. ನೇವರ್‌ಲೂರ್ ಅಂತಾರೆ. ಅದರಲ್ಲಿ ಒಂದೂ ತೂತಿಲ್ಲ, ಆದರೂ ಪೂರ್ತಿ ಹಾಡು ಬರುತ್ತದೆ. ಕೊಂಬಿಗೆ ಮಾತ್ರ ಯಾಕೆ ತೂತು?

ಧಾರವಾಡದ ಭೌತ ಮೇಷ್ಟ್ರು

ಉದ್ದದ ವ್ಯವಹಾರ ರೀ ಅದು. ಕೊಳವೆ ಉದ್ದ ಇದ್ದಷ್ಟೂ ಅದರ ಸಹಜ ಸ್ವರಗಳು ಕೆಳಗಿನಿಂದ ಶುರುವಾಗಿ ಮೇಲೆ ಹತ್ತಿರ ಹತ್ತಿರ ಬರತಾವ. ತುಟಿ ಬಿಗಿ ಮಾಡಿದ ಹಾಗೆ ಒಂದರಿಂದ ಇನ್ನೊಂದಕ್ಕೆ ಹಾರಬಹುದು. ಮೇಲಿನ ಮೆಟ್ಟಿಲುಗಳು ಹತ್ತಿರ ಇರೋದರಿಂದ ಅಲ್ಲೇ ಹಾಡು ಕಟ್ಟಬಹುದು. ಹಸುವಿನ ಕೊಂಬು ಗಿಡ್ಡ. ಅದರಲ್ಲಿ ತುಟಿಗೆ ಸುಲಭವಾಗಿ ಸಿಗೋದು ಕೆಳಗಿನ ಒಂದೆರಡು ಮೆಟ್ಟಿಲು ಮಾತ್ರ. ನಡುವೆ ದೊಡ್ಡ ಹಳ್ಳ. ಆ ಹಳ್ಳಕ್ಕ ತೂತುಗಳ ಸೇತುವೆ.

ಇನ್ನೊಂದು ಸ್ವಾರಸ್ಯ ಅದ. ಆ ಉದ್ದ ಕಹಳೆಯ ಸಹಜ ಸ್ವರಗಳಲ್ಲಿ ಏಳನೆಯದು, ಹನ್ನೊಂದನೆಯದು ಹಾರ್ಮೋನಿಯಂನ ಯಾವ ಮನೆಗೂ ಕೂಡೂದಿಲ್ಲ. ನಡುವೇ ನಿಲ್ಲತಾವ. ದಿನವಿಡೀ ಅದನ್ನು ಕೇಳಿ ಬೆಳೆದ ಕಿವಿಗೆ ಹಾರ್ಮೋನಿಯಮ್ಮೇ ತಪ್ಪು ಅನಿಸಿರಬಹುದು. ಇದು ನನ್ನ ಊಹೆ, ಪಾಠದಾಗಿನ ಮಾತಲ್ಲ.

ಮಸ್ಕತ್ ಮಂಜು

ಲೂರ್ ಅಂದ ಕೂಡಲೆ ನೆನಪಾಯ್ತು. ನಮ್ಮ ಫ್ರಿಜ್‌ನಲ್ಲಿರುವ ಲೂರ್‌ಪಾಕ್ ಬೆಣ್ಣೆ ಡಬ್ಬಿ ಮೇಲೆ ಎರಡು ಬಾಗಿದ ಕಹಳೆ ಚಿತ್ರ ಇದೆ. ಅದೇನಾ ಇದು?

ಕೆಂಡಸಂಪಿಗೆ

ಹೆಸರು ಅದೇ, ವಸ್ತು ಬೇರೆ. ಡಬ್ಬಿ ಮೇಲಿರುವುದು ಕಂಚಿನ ಯುಗದ ಲೂರ್, ಎರಕ ಹೊಯ್ದ ಕಂಚಿನದು. ಡೆನ್ಮಾರ್ಕಿನ ಜೌಗು ನೆಲದಲ್ಲಿ ಜೋಡಿ ಜೋಡಿಯಾಗಿ ಸಿಕ್ಕಿವೆ. 1797ರಲ್ಲಿ ಬ್ರೂಡೆವೆಲ್ಟೆ ಅನ್ನೋ ಕಡೆ ಒಟ್ಟಿಗೆ ಆರು ಸಿಕ್ಕವು. ಆ ಕಂಚಿನ ಕಹಳೆಗಳಿಗೆ ಲೂರ್ ಅಂತ ಹೆಸರಿಟ್ಟದ್ದು ಈಚಿನವರು.

ಹಾಸನದ ಹುಡುಗ

ನನಗೂ ಒಂದು ಮಾಡಿಕೊಳ್ಳುವ ಆಸೆ. ಮನೆಯಲ್ಲಿ ಅಜ್ಜನ ಕಾಲದ ಎರಡು ಎತ್ತಿನ ಕೊಂಬು ಅಟ್ಟದ ಮೇಲಿವೆ. ಜೊತೆಗೆ ಒಂದು ಜಿಂಕೆ ಕೊಂಬೂ ಇದೆ. ಯಾವುದು ಒಳ್ಳೆಯದು?

ಬಡಗಿ ಬಸಣ್ಣ

ತಮ್ಮಾ, ಜಿಂಕೆ ಕೊಂಬಿನ ಸುದ್ದಿಗೇ ಹೋಗಬೇಡ. ಒಂದು, ಅದು ಗಟ್ಟಿ ಮೂಳೆ. ವರ್ಷಕ್ಕೊಮ್ಮೆ ಉದುರಿ ಮತ್ತೆ ಬೆಳೆಯುವಂಥದ್ದು. ಒಳಗೆ ಟೊಳ್ಳೇ ಇರಲ್ಲ, ಊದುವುದು ಎಲ್ಲಿಂದ? ಎರಡು, 1972ರ ವನ್ಯಜೀವಿ ಕಾಯ್ದೆ. ಬಿದ್ದು ಸಿಕ್ಕಿದ್ದಾದರೂ ಇಟ್ಟುಕೊಂಡರೆ ಕೇಸು. ಅದರ ಬಗ್ಗೆ ತಿಳಿದವರನ್ನು ಬೇಗ ಕೇಳು.

ಎತ್ತು, ಹಸು, ಆಡು, ಕುರಿ ಕೊಂಬು ಬೇರೆ ಥರ. ಒಳಗೆ ಮೂಳೆಯ ಗೂಟ, ಹೊರಗೆ ನಮ್ಮ ಉಗುರಿನಂಥದೇ ಪದಾರ್ಥದ ಒರೆ. ನೆನೆಸಿ ಅಥವಾ ಕುದಿಸಿದರೆ ಗೂಟ ಸಡಿಲವಾಗಿ ಕಳಚುತ್ತದೆ. ಹಳೇ ಕೊಂಬಾದರೆ ತಾನೇ ಕಳಚಿರುತ್ತದೆ. ತುದಿಯ ಕಡೆ ಮಾತ್ರ ಗಟ್ಟಿ. ಎಲ್ಲಿವರೆಗೆ ಟೊಳ್ಳು ಅಂತ ಒಳಗೆ ತಂತಿ ಹಾಕಿ ಅಳೆ. ಅದೇ ಅಳತೆಯನ್ನು ಹೊರಗೆ ಗುರುತು ಮಾಡು. ಅದರಿಂದ ಎರಡು ಮೂರು ಬೆರಳು ಬಿಟ್ಟು ತುದಿ ಕೊಯ್ಯಿ. ಉಳಿದ ಗಟ್ಟಿ ಭಾಗಕ್ಕೆ ಸಣ್ಣ ತೂತು ಕೊರೆದು ಟೊಳ್ಳಿಗೆ ಸೇರಿಸು. ಆಮೇಲೆ ಬಾಯಿಡುವ ಬಟ್ಟಲು ಕೆತ್ತು. ಅಂಚು ನಯವಾಗಿರಲಿ, ಇಲ್ಲದಿದ್ದರೆ ತುಟಿ ಕೊಯ್ಯುತ್ತದೆ.

ಕೊರೆಯುವಾಗ ಸುಟ್ಟ ಕೂದಲಿನ ವಾಸನೆ ಬರುತ್ತದೆ. ಮನೆಯೊಳಗೆ ಮಾಡಬೇಡ, ನಿಮ್ಮಮ್ಮ ಹೊರಗೆ ಹಾಕುತ್ತಾರೆ. ಧೂಳು ಎದೆಗೆ ಒಳ್ಳೆಯದಲ್ಲ, ಮಾಸ್ಕ್ ಹಾಕು. ಬೆರಳ ತೂತು ಮೊದಲು ಚಿಕ್ಕದಾಗಿ ಮಾಡು. ದೊಡ್ಡದು ಮಾಡುವುದು ಯಾವಾಗ ಬೇಕಾದರೂ ಆಗುತ್ತದೆ, ಚಿಕ್ಕದು ಮಾಡಲು ಜೇನುಮೇಣವೇ ಗತಿ. ಮುಗಿದ ಮೇಲೆ ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟು ಹೋಗಬೇಡ. ಬಿಸಿಗೆ ಕೊಂಬು ಮೆತ್ತಗಾಗಿ ಸೊಟ್ಟ ಆಗುತ್ತದೆ. ಹುಳು ತಿನ್ನುವುದನ್ನೂ ನೋಡಿಕೋ.

ಹಾಸನದ ಹುಡುಗ

ಅಣ್ಣಾ, ಥ್ಯಾಂಕ್ಸ್. ಜಿಂಕೆ ಕೊಂಬಿನ ವಿಷಯ ಅಪ್ಪನಿಗೆ ಹೇಳಿದೆ. ಮುಖ ಬಿಳುಚಿಕೊಂಡಿತು.

ಲಕ್ಷ್ಮಿ ನಾಗರಾಜ್

ತುಟಿ ಊದಿಕೊಳ್ಳುತ್ತೆ, ನನ್ನಿಂದಾಗಲ್ಲ. ಸುಲಭದ ದಾರಿ ಇಲ್ವಾ?

ಕೆಂಡಸಂಪಿಗೆ

ಇದೆ ಲಕ್ಷ್ಮಿ. ನಾರ್ವೆಯಲ್ಲಿ ಪೀಪಿ ಕಟ್ಟಿದ ಕೊಂಬೂ ಇದೆ. ತುದಿಯಲ್ಲಿ ಜೂನಿಪರ್ ಮರದ ತೆಳು ನಾಲಿಗೆ. ತುಟಿ ನಡುಗಿಸಬೇಕಾಗಿಲ್ಲ, ನಾಲಿಗೆ ತಾನೇ ನಡುಗುತ್ತದೆ. ನಮ್ಮ ಹಾವಾಡಿಗರ ಪುಂಗಿಯಲ್ಲೂ ಹೀಗೇ ಒಂಟಿ ನಾಲಿಗೆ ಅಲ್ವಾ, ಆ ಜಾತಿ. ಸದ್ದು ಸಣ್ಣದು, ಅಪಾರ್ಟ್‌ಮೆಂಟಿಗೆ ಒಳ್ಳೆಯದು. ಪ್ರಿಲ್ಲರ್‌ಹೂರ್ನ್ ಅಂತ ಕೆಲವರು ಇದನ್ನು ಕರೆಯುತ್ತಾರೆ, ಇನ್ನು ಕೆಲವರು ತುಟಿಯಲ್ಲಿ ಊದುವ ತೂತಿನ ಕೊಂಬನ್ನೇ ಹಾಗೆ ಕರೆಯುತ್ತಾರೆ. ಕೊಳ್ಳುವ ಮುಂಚೆ ಚಿತ್ರ ನೋಡಿ, ಹೆಸರು ನಂಬಬೇಡಿ.

ಆ ಹೆಸರಿನ ಹಿಂದೆ ಒಂದು ಕಥೆಯೂ ಇದೆ. 1612ರ ಆಗಸ್ಟ್. ಸ್ವೀಡನ್ನಿಗೂ ಡೆನ್ಮಾರ್ಕ್-ನಾರ್ವೆಗೂ ಯುದ್ಧ. ಸ್ವೀಡನ್ ಕಡೆ ಸೇರಲು ಹೊರಟ ಸ್ಕಾಟ್ಲೆಂಡಿನ ಬಾಡಿಗೆ ಸಿಪಾಯಿಗಳು ನಾರ್ವೆಯ ಗುಡ್‌ಬ್ರಾಂಡ್ಸ್‌ದಾಲ್ ಕಣಿವೆಯಲ್ಲಿ ಬರುತ್ತಿದ್ದರು. ಒಟ್ಟಾ ಊರಿನ ಹತ್ತಿರ, ಕ್ರಿಂಗೆನ್ ಅನ್ನೋ ಇಕ್ಕಟ್ಟಿನ ಜಾಗದಲ್ಲಿ ರೈತರು ಮೇಲೆ ಕಾದು ಕೂತು ಮೇಲೆರಗಿದರು. ಸಿಪಾಯಿಗಳ ನಾಯಕರಲ್ಲಿ ಒಬ್ಬನಾದ ಜಾರ್ಜ್ ಸಿಂಕ್ಲೇರ್ ಅಲ್ಲೇ ಸತ್ತ. ಇಷ್ಟು ಇತಿಹಾಸ. ನದಿಯ ಆಚೆ ದಡದ ಬೆಟ್ಟದಲ್ಲಿ ಗೂರಿ ಅನ್ನೋ ಹುಡುಗಿ ನಿಂತಿದ್ದಳು, ಸಿಪಾಯಿಗಳು ಸರಿಯಾದ ಜಾಗಕ್ಕೆ ಬಂದಾಗ ಕೊಂಬೂದಿ ಸನ್ನೆ ಕೊಟ್ಟಳು ಅನ್ನುವುದು ಜನರ ಬಾಯಿಯ ಕಥೆ. ಪ್ರಿಲ್ಲರ್ ಗೂರಿ ಅಂತಲೇ ಅವಳ ಹೆಸರು. ಒಟ್ಟಾದಲ್ಲಿ ಅವಳ ಪ್ರತಿಮೆ ಇದೆ. ಅದು ಕೊಂಬಲ್ಲ, ಲೂರ್ ಅಂತ ವಾದ ಮಾಡುವವರೂ ಇದ್ದಾರೆ. ನಾನು ಕೊಂಬಿನ ಪಕ್ಷ, ಯಾಕೆ ಅಂತ ಕೇಳಬೇಡಿ.

ಫಾಲುನ್ ರಘು

ಸ್ವೀಡನ್ ಕಡೆಯಲ್ಲೂ ಇಂಥದ್ದೊಂದು ಇದೆ! ಕಾಡಿನಲ್ಲಿ ಹನ್ನೆರಡು ಕಳ್ಳರು ದನ ಕಾಯುವ ಹುಡುಗಿಯನ್ನು ಹಿಡಿದರಂತೆ. ಒಂದು ಸಲ ಕೊಂಬೂದಲು ಬಿಡಿ ಅಂತ ಬೇಡಿಕೊಂಡಳಂತೆ. ಕಳ್ಳರಿಗೆ ಅದು ಬರೀ ರಾಗ. ಕೆಳಗಿನ ಊರಿನವರಿಗೆ ಮಾತ್ರ ಪದಗಳು ಕೇಳಿಸಿದವು: ಹನ್ನೆರಡು ಜನ ಕಾಡಿನಲ್ಲಿದ್ದಾರೆ. ಈ ರಾಗ ಊರೂರಿಗೆ ಬೇರೆ ಬೇರೆ ರೂಪದಲ್ಲಿದೆ. ನಾನು ಕಲಿಯಲು ಹೊರಟದ್ದು ಅದನ್ನೇ. ಮೂರು ನಾಲ್ಕು ಸ್ವರ ಸಾಕು, ಆದರೆ ಪ್ರತಿ ಸಾಲಿನ ಕೊನೆಯಲ್ಲಿ ಸ್ವರ ಎಳೆದು ಬಿಡಬೇಕು. ಪ್ರತಿಧ್ವನಿ ಬರಲು ಜಾಗ ಬಿಡುವ ಹಾಗೆ.

ಸ್ಟಾಕ್‌ಹೋಮ್ ಶ್ವೇತಾ

ಎಲ್ಲರೂ ಹಳೆಯದನ್ನೇ ಹೊಗಳುತ್ತಿದ್ದೀರಿ, ನಾನು ಸ್ವಲ್ಪ ಎದುರು ಮಾತಾಡಲಾ? ಇವತ್ತು ಕೊಂಬು ಮಾಡುವವರು ಶ್ರುತಿ ಸೇರಿಸಿಯೂ ಮಾಡಿಕೊಡುತ್ತಾರೆ. ಪಿಟೀಲು, ಗಿಟಾರ್ ಜೊತೆ ನುಡಿಸಬೇಕಾದವರಿಗೆ ಅದು ಬೇಕು. ನಾರ್ವೆಯ ಕಾರ್ಲ್ ಸೆಗ್ಲೆಮ್ ಸ್ಯಾಕ್ಸೋಫೋನ್ ನುಡಿಸುವವರು, ಆಡಿನ ಕೊಂಬನ್ನು ಜಾಝ್ ವೇದಿಕೆಗೆ ತಂದರು. ಅದರಿಂದ ಕೊಂಬು ಕೆಟ್ಟಿತಾ?

ಮತ್ತೆ, ಹಳ್ಳಿಯಲ್ಲಿ ತಾನಾಗಿ ಉಳಿದು ಬಂತು ಅನ್ನುವುದೂ ಪೂರ್ತಿ ನಿಜವಲ್ಲ. ದನದ ಕೆಲಸ ಕಡಿಮೆಯಾದಂತೆ ಕೊಂಬೂ ಗೋಡೆಗೆ ನೇತು ಬಿತ್ತು. 1906ರಲ್ಲಿ ಚಿತ್ರಕಾರ ಆಂಡೆಶ್ ಸೋರ್ನ್ ನಿಮ್ಮ ದಾಲಾರ್ನಾದಲ್ಲೇ, ಮೂರಾ ಹತ್ತಿರದ ಗೆಸುಂಡಾದಲ್ಲಿ ಸ್ಪರ್ಧೆ ಇಟ್ಟು ಹಳೇ ವಾದ್ಯದವರನ್ನು ಕರೆಸಿದರು. ಪೇಟೆಯವರ ಕಾಳಜಿ ಇಲ್ಲದಿದ್ದರೆ ರಘು ಅವರಿಗೆ ಸಂತೆಯಲ್ಲಿ ಸಿಕ್ಕಿದ್ದು ಬರೀ ಅಲಂಕಾರದ ಸಾಮಾನು ಆಗಿರುತ್ತಿತ್ತು. ಇವತ್ತಿಗೂ ಸೋರ್ನ್ ಹೆಸರಿನ ಬ್ಯಾಡ್ಜಿಗೆ ಜನ ತೀರ್ಪುಗಾರರ ಮುಂದೆ ನುಡಿಸುತ್ತಾರೆ. ಬೆಳ್ಳಿಯದು ಸಿಕ್ಕಿದವರು ರಿಕ್ಸ್‌ಸ್ಪೆಲ್ಮಾನ್ (ರಾಷ್ಟ್ರಮಟ್ಟದ ಹಳ್ಳಿ ವಾದ್ಯಗಾರ) ಅನ್ನಿಸಿಕೊಳ್ಳುತ್ತಾರೆ. 2024ರಲ್ಲಿ ಯುನೆಸ್ಕೋ ಕೂಡ ಎರಡೂ ದೇಶಗಳ ಫೇಬೂದ್, ಸೇಟರ್ ಬದುಕನ್ನು ತನ್ನ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು.

ಕೆಂಡಸಂಪಿಗೆ

ಶ್ವೇತಾ, ಸೆಗ್ಲೆಮ್ ನನಗೂ ಇಷ್ಟ. ಶ್ರುತಿ ಕೊಂಬು ಬೇಕಾದವರು ಹೊಸದು ಮಾಡಿಸಲಿ. ನನ್ನ ತಕರಾರು ಹಳೇ ಕೊಂಬಿಗೆ ಡ್ರಿಲ್ ಹಾಕುವುದಕ್ಕೆ ಮಾತ್ರ.

ಸ್ಟಾಕ್‌ಹೋಮ್ ಶ್ವೇತಾ

ಹಾಗಾದರೆ ಜಗಳ ಇಲ್ಲ ಅಕ್ಕ.

ಬಸವನಗುಡಿ ಮೃದಂಗ

ನಾಲ್ಕು ದಿನ ಕೇಳಿದೆ. ಮೊದಲ ದಿನ ಸಿಟ್ಟು ಬಂತು. ಮೂರನೇ ದಿನ ಆ ಗಾಂಧಾರ ಸರಿ ಅನ್ನಿಸತೊಡಗಿತು. ನಾಲ್ಕನೇ ದಿನ ಹಾರ್ಮೋನಿಯಂ ಮುಂದೆ ಕೂತ ನನ್ನ ಶಿಷ್ಯನಿಗೆ ಸುಮ್ಮನೆ ಬೈದೆ. ಧಾರವಾಡದ ಮೇಷ್ಟ್ರ ಊಹೆ ಇರಬಹುದು.

ಫಾಲುನ್ ರಘು

ಸ್ನೇಹಿತರೇ, ವರದಿ ಒಪ್ಪಿಸುತ್ತೇನೆ. ಡ್ರಿಲ್ ವಾಪಸ್ ಪೆಟ್ಟಿಗೆಗೆ ಹೋಯಿತು. ಮೂರನೇ ತೂತಿಗೆ ಮಾತ್ರ ಅಕ್ಕಿ ಕಾಳಿನಷ್ಟು ಜೇನುಮೇಣ ಹಚ್ಚಿದೆ, ಅದು ನಿಜವಾಗಿಯೂ ಕಿರುಚುತ್ತಿತ್ತು. ಗಾಂಧಾರವನ್ನು ಮುಟ್ಟಿಲ್ಲ. ಶ್ರುತಿ ಆಪ್ ಇಲ್ಲದೆ ಊದುತ್ತೇನೆ. ಮನೆಯಲ್ಲಿ ಊದಿದರೆ ಪಕ್ಕದವರು ಗೋಡೆ ತಟ್ಟುತ್ತಾರೆ, ಅದಕ್ಕೆ ಕೆರೆ ದಡಕ್ಕೆ ಹೋಗುತ್ತೇನೆ.

ಹೋದ ಶನಿವಾರ ಇಲ್ಲಿಂದ ಒಂದೂವರೆ ಗಂಟೆ ದೂರದ ಒಂದು ಫೇಬೂದ್‌ಗೆ ಹೋಗಿದ್ದೆವು. ಬೇಸಿಗೆಯಲ್ಲಿ ಈಗಲೂ ಹಸು ಇಡುತ್ತಾರೆ, ಬಂದವರಿಗೆ ಕಾಫಿ, ಚೀಸ್ ಕೊಡುತ್ತಾರೆ. ಅಲ್ಲಿದ್ದ ಒಬ್ಬ ಅಜ್ಜಿ ನನ್ನ ಚೀಲದಲ್ಲಿದ್ದ ಕೊಂಬು ನೋಡಿ ಊದು ಅಂದರು. ಹನ್ನೆರಡು ಕಳ್ಳರ ರಾಗ ಊದಿದೆ. ತಲೆ ಅಲ್ಲಾಡಿಸಿದರು. ಸ್ವರ ಸರಿ ಇದೆ, ಆದರೆ ನೀನು ಯಾರನ್ನೂ ಕರೆಯುತ್ತಿಲ್ಲ ಅಂದರು. ಕಾಡಿನ ಕಡೆ ತಿರುಗಿ ನಿಲ್ಲಿಸಿದರು. ಕೊನೆಯ ಸ್ವರ ಉಸಿರು ಮುಗಿಯುವವರೆಗೆ ಬಿಡು, ಆಮೇಲೆ ಸುಮ್ಮನಿದ್ದು ಕೇಳು, ಆಮೇಲೆ ಮುಂದಿನ ಸಾಲು. ಹಾಗೆ ಊದಿದೆ. ದೂರದಲ್ಲಿ ಹಸುವಿನ ಗಂಟೆ ಸದ್ದು ಬಂತು. ಹಿಂದೆಂದೂ ಮೈ ಹಾಗೆ ಜುಮ್ ಅಂದಿರಲಿಲ್ಲ.

ಕುಂದಾಪ್ರ ಮಾಣಿ

ಹಸು ಬಂತಾ?

ಫಾಲುನ್ ರಘು

ಒಂದು ಬಂತು. ಅದು ಹಾಲು ಕರೆಯುವ ಹೊತ್ತಾಗಿತ್ತು, ಹೇಗೂ ಬರುತ್ತಿತ್ತು ಅಂತ ಹೆಂಡತಿ ಹೇಳುತ್ತಾಳೆ.